ದೋಣಿಯ ಮೂತಿ ಕಲಿಸುವ ಪಾಠ



ಇಂಗ್ಲೆಂಡಿನ ಕಾಲುವೆಗಳಲ್ಲಿ ಹಿಂದೆ ಸರಕು ಸಾಗಿಸುತ್ತಿದ್ದ ದೋಣಿಗಳು ಸುಮಾರು 70 ಅಡಿ ಉದ್ದ, 7 ಅಡಿ ಅಗಲ. ಅಳತೆ ಹೆಚ್ಚುಕಡಿಮೆ ಒಂದೇ ಆದರೂ ಮೂತಿಗಳು ಬೇರೆ ಬೇರೆ. ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯ ‘ಜೋಶರ್’ ದೋಣಿಯ ಮೂತಿ ನೀಳವಾಗಿ ಬಾಗಿ, ನೀರನ್ನು ನಯವಾಗಿ ಸೀಳುತ್ತಿತ್ತು. 1930ರ ದಶಕದಲ್ಲಿ ಗ್ರ್ಯಾಂಡ್ ಯೂನಿಯನ್ ಕಂಪನಿ ಕಟ್ಟಿಸಿದ ‘ಟೌನ್’ ವರ್ಗದ ದೋಣಿಗಳ ಒಡಲು ಆಳ, ಮೂತಿ ಎತ್ತರ. ಹೆಚ್ಚು ಸರಕು ಹೊರುವುದೇ ಗುರಿ. ಬರ್ಮಿಂಗ್‌ಹ್ಯಾಮ್ ಸುತ್ತ ಕಲ್ಲಿದ್ದಲು ಸಾಗಿಸಿದ ಎಷ್ಟೋ ‘ಜೋಯಿ’ ದೋಣಿಗಳಿಗೆ ಎರಡು ತುದಿಯೂ ಒಂದೇ ರೀತಿ. ಚುಕ್ಕಾಣಿಯನ್ನು ಕಿತ್ತು ಇನ್ನೊಂದು ತುದಿಗೆ ಸಿಕ್ಕಿಸಿದರೆ, ದೋಣಿಯನ್ನು ತಿರುಗಿಸದೆಯೇ ಮರಳಬಹುದಿತ್ತು. ಕೆಲಸಕ್ಕೆ ತಕ್ಕ ಆಕಾರ!

ಆದರೆ ದೂರ ಸಾಗುವ ದೋಣಿಗಳ ಪುಟ್ಟ ಕೋಣೆಯಲ್ಲಿ ಬೆಳೆದ ಅನೇಕ ಮಕ್ಕಳಿಗೆ ಅಕ್ಷರವೇ ಬರುತ್ತಿರಲಿಲ್ಲ. ದೋಣಿ ಒಂದೆಡೆ ನಿಲ್ಲದು, ಶಾಲೆ ಹಿಂಬಾಲಿಸದು. ಜಾರ್ಜ್ ಸ್ಮಿತ್ ಎಂಬವರ ಹೋರಾಟದಿಂದ 1877ರಲ್ಲಿ ಕಾಯಿದೆ ಬಂದಿತು. ದೋಣಿ ನೋಂದಣಿಯಾದ ಊರೇ ಶಾಲೆಯ ಮಟ್ಟಿಗೆ ಆ ಮಕ್ಕಳ ಊರೆಂದಾಯಿತು. ಆದರೂ ಓಡಾಟದ ಬದುಕಿನಲ್ಲಿ ಓದು ಹಿಂದೆಯೇ ಉಳಿಯಿತು.

ಕೆಲಸ ಅರಸಿ ಊರೂರು ಅಲೆಯುವ ಕುಟುಂಬಗಳು ನಮ್ಮಲ್ಲೂ ಇವೆ. ಅವರ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಲದು, ಮಕ್ಕಳು ತರಗತಿಯಲ್ಲಿರಬೇಕು. ದೋಣಿಗೆ ಕೆಲಸಕ್ಕೆ ತಕ್ಕ ಮೂತಿ ಕೊಟ್ಟಂತೆ, ಶಾಲೆಗೂ ಮಕ್ಕಳ ಬದುಕಿಗೆ ತಕ್ಕ ರೂಪ ಕೊಡೋಣ.