ಶಾಂತವೇರಿ ಗೋಪಾಲಗೌಡರು

ನಾಗಸಂದ್ರದ ನಮ್ಮ ಬಡಾವಣೆಯ ತರುಣನೊಬ್ಬ ಈಚೆಗೆ ನನ್ನನ್ನು ಕೇಳಿದ: "ಮೇಷ್ಟ್ರೇ, ಶಾಂತವೇರಿ ಗೋಪಾಲಗೌಡರು ಯಾವ ಖಾತೆಯ ಮಂತ್ರಿಗಳಾಗಿದ್ದರು?" ಯಾವ ಖಾತೆಯೂ ಅವರದಾಗಿರಲಿಲ್ಲ. 1923ರಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಈ ಸಮಾಜವಾದಿ 1952, 1962 ಮತ್ತು 1967ರಲ್ಲಿ ಶಾಸಕರಾದರು, 1957ರಲ್ಲಿ ಸೋತರು, ಗೆದ್ದಾಗಲೆಲ್ಲ ವಿರೋಧ ಪಕ್ಷದಲ್ಲಿಯೇ ಕುಳಿತರು.

ಅವರ ರಾಜಕಾರಣದ ಬೇರು 1951ರ ಕಾಗೋಡು ಸತ್ಯಾಗ್ರಹದಲ್ಲಿದೆ. ಗೇಣಿಯ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಒಕ್ಕಲು ಬೇಡಿದ್ದು ದಾನವನ್ನಲ್ಲ, ನ್ಯಾಯವಾದ ಅಳತೆಯನ್ನು. ಆ ನ್ಯಾಯದ ಮಾತನ್ನೇ ಗೌಡರು ಸದನಕ್ಕೆ ತಂದರು: ಉಳುವವನಿಗೆ ನೆಲ, ಆಡಳಿತಕ್ಕೆ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು.

1972ರ ಜೂನಿನಲ್ಲಿ ಅವರು ತೀರಿಕೊಂಡರು. ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿ ಪದ್ಧತಿಯನ್ನು ತೊಡೆದ ಕಾನೂನು ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಎರಡೂ ದೇವರಾಜ ಅರಸರ ಆಡಳಿತದಲ್ಲಿ. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಪ್ರೇರಣೆಯಾದದ್ದೂ ಗೌಡರ ಬಾಳೇ.

ಅಧಿಕಾರವೊಂದನ್ನೇ ಕೊಳಗ ಮಾಡಿಕೊಂಡು ಅಳೆದರೆ ಇಂಥವರು ಬರಿಗೈಯವರಾಗಿ ಕಾಣುತ್ತಾರೆ. ಆದರೆ ಅಂದಿನ ಎಷ್ಟೋ ಒಕ್ಕಲುಗಳ ಮಕ್ಕಳು ಇಂದು ತಮ್ಮ ಗದ್ದೆಯ ಪಹಣಿಯಲ್ಲಿ ತಮ್ಮದೇ ಹೆಸರನ್ನು ಓದುತ್ತಾರೆ. ಆ ಹಕ್ಕನ್ನು ಸದನದಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ಗೌಡರು ಮುಂಚೂಣಿಯವರು.