ಮುಳುಗಿದ ಹಡಗೂ ತಡೆದ ದೋಣಿಯೂ



ಅಂತರಸಂತೆಯವರಿಗೆ ಸಮುದ್ರದ ವಿಚಾರವೇಕೆನ್ನಬೇಡಿರಿ. ಕಬಿನಿಯ ಹಿನ್ನೀರಿನಲ್ಲಿ ನಿಂತ ಒಣಮರಗಳನ್ನು ನೀವೆಲ್ಲರೂ ಬಲ್ಲಿರಿ. ಕಣ್ಣಿಗೆ ಕಾಣುವ ಮೋಟಿನಿಂದ ಭಯವಿಲ್ಲ; ನೀರೇರಿದಾಗ ಗೇಣುದ್ದ ಕೆಳಗೆ ಅಡಗಿದ ಮೋಟೇ ತೆಪ್ಪಕ್ಕೆ ಮೃತ್ಯು.

ಕಡಲಿನಲ್ಲಿಯೂ ಹಾಗೆಯೇ. 2022ರ ಜೂನ್ 21ರಂದು ಮಂಗಳೂರು ಬಂದರಿಗೆ ಅನತಿದೂರದಲ್ಲಿ, ಉಳ್ಳಾಲದ ಕಡಲಿನಲ್ಲಿ, ಸುಮಾರು 8,000 ಟನ್ ಉಕ್ಕನ್ನು ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗಿನೊಳಕ್ಕೆ ನೀರು ನುಗ್ಗಿತು. 15 ಮಂದಿ ನಾವಿಕರನ್ನೂ ತಟರಕ್ಷಕ ದಳದವರು ಉಳಿಸಿದರು. ಹಡಗು ಅಲ್ಲಿಯೇ ಕುಳಿತಿತು. ಮಳೆಗಾಲದ ನಿಷೇಧದಿಂದ ಯಂತ್ರದೋಣಿಗಳು ಆಗ ದಡದಲ್ಲಿದ್ದುದೊಂದು ಪುಣ್ಯ.

ಕೇರಳದವರಿಗೆ ಆ ಪುಣ್ಯವಿರಲಿಲ್ಲ. ಕೊಚ್ಚಿ ಬಂದರಿಗೆ ಬರುತ್ತಿದ್ದ ‘ಎಂ.ಎಸ್.ಸಿ. ಎಲ್ಸಾ 3’ ಎಂಬ ಹಡಗು 2025ರ ಮೇ 25ರಂದು 640 ಕಂಟೇನರುಗಳೊಡನೆ ಮುಳುಗಿತು. ಅವುಗಳಲ್ಲಿ 12ರೊಳಗೆ ಕ್ಯಾಲ್ಸಿಯಂ ಕಾರ್ಬೈಡ್. ನೀರು ಸೋಕಿದರೆ ಉರಿಯುವ ಅನಿಲವನ್ನು ಹುಟ್ಟಿಸತಕ್ಕ ವಸ್ತು. ಹಡಗಿನ ಸುತ್ತ 20 ನಾಟಿಕಲ್ ಮೈಲಿಯೊಳಗೆ ಮೀನು ಹಿಡಿಯಕೂಡದೆಂದು ಸರ್ಕಾರ ಅಪ್ಪಣೆ ಮಾಡಿತು. ಅಪ್ಪಣೆಯೇನೋ ಯುಕ್ತವೇ. ಆದರೆ ಜೂನ್ 9ರ ನಡುರಾತ್ರಿಯಿಂದ 52 ದಿನಗಳ ಟ್ರಾಲ್ ನಿಷೇಧ ಕಾದಿದ್ದಿತು. ಅದಕ್ಕೆ ಮುಂಚಿನ ನಾಲ್ಕು ಕಾಸಿನ ದಿನಗಳೇ ಕೈಬಿಟ್ಟುಹೋದವು. ಕುಟುಂಬವೊಂದಕ್ಕೆ ಸರ್ಕಾರ ಗೊತ್ತುಮಾಡಿದ ತಾತ್ಕಾಲಿಕ ಪರಿಹಾರ 1,000 ರೂಪಾಯಿ, 6 ಕಿಲೋ ಅಕ್ಕಿ!

ಹಸಿದವನು ಕತ್ತಲಲ್ಲಿ ಗೆರೆ ದಾಟಿದರೆ ತಡೆಯುವವರಾರು? ದೋಣಿಯನ್ನು ತಡೆಯುವ ಆಜ್ಞಾಪತ್ರದಲ್ಲಿಯೇ ಅಂಬಿಗನ ದಿನಗೂಲಿಯನ್ನೂ ನಮೂದಿಸತಕ್ಕದ್ದು. ಹಡಗಿನ ಒಡೆಯರಿಂದ ಅದನ್ನು ಸರ್ಕಾರವು ಆಮೇಲೆ ವಸೂಲು ಮಾಡಿಕೊಳ್ಳಲಿ.