ನಂಬರು ದಾರಿ ಹೇಳದಿದ್ದರೆ?
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವವನು ಕಂಪ್ಯೂಟರ್ ಲ್ಯಾಬಿನ ಪೆಟ್ಟಿಗೆಯೊಂದರ ಬಗ್ಗೆ ಮಾತನಾಡಲು ನಿಂತಿರುವುದು ನಿಮಗೆ ನಗು ತರಿಸಬಹುದು. ಇದಕ್ಕೆ ಕಾರಣ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಗೋಡೆಯ ಮೇಲೆ ಮಿನುಗುತ್ತಿದ್ದ ಸ್ವಿಚ್ಚನ್ನು ತೋರಿಸಿ, "ಸರ್, ಯಾವ ಸಂದೇಶ ಯಾವ ವೈರಿಗೆ ಹೋಗಬೇಕೆಂದು ಇದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ನಾನು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹಿರಿಯರಿಗೆ ದೂರವಾಣಿನಗರದ ಐ.ಟಿ.ಐ. ನೆನಪಿರಬೇಕು. 1948ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಸ್ಟ್ರೋಜರ್ ಮಾದರಿಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ತಯಾರಾಗುತ್ತಿದ್ದವು. ನೀವು ಡಯಲ್ ಮಾಡಿದ ಒಂದೊಂದು ಅಂಕಿಯೂ ಒಳಗಿನ ಯಂತ್ರವನ್ನು ಅಷ್ಟಷ್ಟು ಹೆಜ್ಜೆ ಸರಿಸುತ್ತಿತ್ತು. ಅಲ್ಲಿ ನಂಬರೇ ದಾರಿಯಾಗಿತ್ತು.

ಕಂಪ್ಯೂಟರಿನ ಈಥರ್ನೆಟ್ ವಿಳಾಸ ಹಾಗಲ್ಲ. ಅದು 48 ಬಿಟ್‌ಗಳ ಸಂಖ್ಯೆ. ಸಾಮಾನ್ಯವಾಗಿ ಮೊದಲ 24 ಬಿಟ್ ತಯಾರಕರು ಯಾರೆಂದು ಹೇಳುತ್ತವೆ. ಆದರೆ ಯಂತ್ರ ಪೀಣ್ಯದಲ್ಲಿದೆಯೋ ವೈಟ್‌ಫೀಲ್ಡಿನಲ್ಲಿದೆಯೋ ಅದರಿಂದ ತಿಳಿಯುವುದಿಲ್ಲ. ವಿಳಾಸವೆಂದು ಕರೆದರೂ ಅದು ಮನುಷ್ಯರ ಹೆಸರಿನಂತೆ. ಆದ್ದರಿಂದ ಸ್ವಿಚ್ಚು ತಾನೇ ಕಲಿಯಬೇಕು. ಪ್ರತಿ ಪ್ಯಾಕೆಟ್ಟಿನಲ್ಲೂ ಕಳುಹಿಸಿದವರ ವಿಳಾಸ ಇರುತ್ತದೆ. ಅದು ಯಾವ ಪೋರ್ಟಿನಿಂದ ಬಂತೆಂದು ಸ್ವಿಚ್ಚು ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಆ ಯಂತ್ರ ಸುಮ್ಮನಿದ್ದರೆ ಹೆಸರು ಅಳಿಸಿಹಾಕುತ್ತದೆ.

ಬರೆದದ್ದನ್ನು ಹುಡುಕುವುದು ಹೇಗೆ? ನಾನಾದರೆ ನಿಘಂಟಿನಂತೆ ಅಕಾರಾದಿಯಾಗಿ ಜೋಡಿಸಿ ಅರ್ಧ, ಅರ್ಧದಲ್ಲಿ ಅರ್ಧ ಎಂದು ನೋಡುತ್ತಿದ್ದೆ. 16,000 ವಿಳಾಸಗಳಿದ್ದರೆ 14 ಸಲ ನೋಡಬೇಕು. ಸಮಯ ಎಲ್ಲಿದೆ? ಒಂದು ಗಿಗಾಬಿಟ್ ಪೋರ್ಟಿನಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ 14,88,095 ಬರಬಲ್ಲವು. 24 ಪೋರ್ಟುಗಳೂ ತುಂಬಿ ಹರಿದರೆ ಒಂದು ಪ್ಯಾಕೆಟ್ಟಿಗೆ ಸಿಗುವುದು 28 ನ್ಯಾನೋಸೆಕೆಂಡು. ಅಲ್ಲದೆ ಹೊಸ ಹೆಸರು ಬಂದಾಗಲೆಲ್ಲ ನಿಘಂಟನ್ನೇ ಸರಿಸಿ ಜಾಗ ಮಾಡಬೇಕು!

ಒಂದು ಉಪಾಯ, ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಹೆಸರು ಕೂಗಿದಂತೆ. ಎಲ್ಲರೂ ಒಟ್ಟಿಗೆ ಕೇಳಿಸಿಕೊಳ್ಳುತ್ತಾರೆ, ಆ ಹೆಸರಿನವರು ಮಾತ್ರ ಕೈ ಎತ್ತುತ್ತಾರೆ. ಹೀಗೆ ಪ್ರತಿ ಗೂಡೂ ಏಕಕಾಲದಲ್ಲಿ ಹೋಲಿಸಿ ನೋಡುವ ಮೆಮೊರಿಗೆ 'ಕ್ಯಾಮ್' ಎನ್ನುತ್ತಾರೆ. ವೇಗವೇನೋ ಸರಿ, ಆದರೆ ಬೆಲೆಯೂ ವಿದ್ಯುತ್ತಿನ ಖರ್ಚೂ ಹೆಚ್ಚು.

ಇನ್ನೊಂದು ಉಪಾಯ 'ಹ್ಯಾಶ್'. ದಾಖಲಾತಿ ಸಂಖ್ಯೆಯ ಕೊನೆಯ ಎರಡು ಅಂಕಿ 47 ಆಗಿದ್ದರೆ ನಿಮ್ಮ ಪುಸ್ತಕ 47ನೇ ಗೂಡಿನಲ್ಲಿ. ಇಡುವಾಗಲೂ ಅದೇ ಲೆಕ್ಕ, ತೆಗೆಯುವಾಗಲೂ ಅದೇ ಲೆಕ್ಕ, ಆದ್ದರಿಂದ ಹುಡುಕಾಟವೇ ಇಲ್ಲ. ಒಂದೇ ಕಂಪನಿಯ ಯಂತ್ರಗಳಿಗೆ ವಿಳಾಸದ ಮೊದಲರ್ಧ ಒಂದೇ ಇರಬಹುದಾದ್ದರಿಂದ ಸ್ವಿಚ್ಚಿನ ಚಿಪ್ಪು 48 ಬಿಟ್‌ಗಳನ್ನೂ ಕಲಸಿ ಗೂಡಿನ ಸಂಖ್ಯೆ ತೆಗೆಯುತ್ತದೆ. ಒಂದು ಗೂಡಿನಲ್ಲಿ ನಾಲ್ಕು ಜಾಗಗಳಿವೆ ಎಂದಿಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಓದಿ, ಪೂರ್ತಿ ವಿಳಾಸ ಹೋಲಿಸಿ, ಪೋರ್ಟು ಹೇಳಿಬಿಡುತ್ತದೆ.

ಇಷ್ಟು ವಿವರಿಸಿ ನಾನು ಗೆದ್ದೆನೆಂದುಕೊಂಡೆ. ಹುಡುಗಿ ಬಿಡಲಿಲ್ಲ. "ಐದನೆಯವನೂ ಅದೇ ಗೂಡಿಗೆ ಬಂದರೆ?"

ಪಕ್ಕದ ಗೂಡು ಖಾಲಿಯಿದ್ದರೂ ಅವನಿಗೆ ಜಾಗವಿಲ್ಲ. ಎರಡು ಬಗೆಯ ಹ್ಯಾಶ್ ಬಳಸಿ ಈ ತೊಂದರೆ ಕಡಿಮೆ ಮಾಡುತ್ತಾರೆ, ಪೂರ್ತಿ ತಪ್ಪಿಸಲಾಗದು. ವಿಳಾಸ ಸಿಗದ ಪ್ಯಾಕೆಟ್ಟನ್ನು ಸ್ವಿಚ್ಚು ಎಸೆಯುವುದಿಲ್ಲ. ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಕೊನೆಗೆ ತಲುಪುತ್ತದೆ, ಆದರೆ ಬೇರೆಯವರ ಬಾಗಿಲಿಗೂ ಹೋಗುತ್ತದೆ. ಯಾರಾದರೂ ಬೇಕೆಂದೇ ಸುಳ್ಳು ವಿಳಾಸಗಳನ್ನು ಸುರಿದು ಗೂಡುಗಳನ್ನು ತುಂಬಿದರೆ ಉಳಿದವರ ಪತ್ರಗಳು ಅವರ ವೈರಿಗೂ ಬರತೊಡಗುತ್ತವೆ. ಒಳ್ಳೆಯ ಸ್ವಿಚ್ಚುಗಳಲ್ಲಿ ಒಂದು ಪೋರ್ಟಿಗೆ ಇಷ್ಟೇ ವಿಳಾಸ ಎಂದು ಮಿತಿ ಹಾಕಬಹುದು. ನಮ್ಮ ಲ್ಯಾಬಿನ ಅಗ್ಗದ ಸ್ವಿಚ್ಚಿನಲ್ಲಿ ಆ ಸೌಲಭ್ಯವಿಲ್ಲ. ಮಕ್ಕಳ ಅಂಕಪಟ್ಟಿಗಳಿರುವ ಕಚೇರಿಯ ಕಂಪ್ಯೂಟರಿನ ವೈರೂ ಅದಕ್ಕೇ ಸೇರಿದೆ. ಅದನ್ನು ಬೇರೆ ಮಾಡಿಸಬೇಕೆಂದು ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟಿದ್ದೇನೆ. ಬರೆದವಳು ಆ ಹುಡುಗಿ, ಕಾಗುಣಿತ ತಿದ್ದಿದ್ದು ಮಾತ್ರ ನಾನು.